ಬಿಡಿಭಾಗಗಳ ಬಂಡಿ

ನಮ್ಮ ಗೆಟ್ಟವಾಡಿಯಂತಹ ಊರುಗಳ ಹಿರಿಯರು ಎತ್ತಿನ ಗಾಡಿಯನ್ನು ಅಂಗಡಿಯಲ್ಲಿ ಕೊಂಡು ತಂದವರಲ್ಲ, ಕಟ್ಟಿಸಿದವರು. ಗುಂಬಕ್ಕೆ ಯಾವ ಮರ, ಅರಗಳಿಗೆ ಯಾವ ಮರ, ಮೂಕಿಗೆ ಯಾವ ಮರ ಎಂಬುದನ್ನು ಮೊದಲೇ ಆರಿಸಿ, ಕಡಿಸಿ, ಒಣಗಿಸಿ, ಆ ಬಳಿಕ ಬಡಗಿಯನ್ನು ಕರೆಯುತ್ತಿದ್ದರು. ಗಾಲಿಯ ಹಳಿಯನ್ನು ಕಮ್ಮಾರನು ಕಾಯಿಸಿ ತೊಡಿಸುತ್ತಿದ್ದನು. ಅಚ್ಚು ಒಂದು ಕಡೆಯಿಂದ, ನೊಗ ಇನ್ನೊಂದು ಕಡೆಯಿಂದ ಬರುತ್ತಿದ್ದುದೂ ಉಂಟು. ಆದರೆ ಗಾಡಿಯು ಯಾವ ದಾರಿಯಲ್ಲಿ ನಡೆಯಬೇಕು, ಎಷ್ಟು ಹೇರನ್ನು ಹೊರಬೇಕು, ಅದನ್ನು ಎಳೆಯುವ ಜೋಡಿ ಎಂತಹುದು ಎಂಬ ಮೂರು ಮಾತುಗಳು ತೀರ್ಮಾನವಾಗದೆ ಬಾಚಿಯು ಮರವನ್ನು ಮುಟ್ಟುತ್ತಿರಲಿಲ್ಲ. ಭಾಗಗಳು ಹತ್ತು ಕೈಗಳಿಂದ ಬಂದರೂ ಯೋಜನೆಯು ಒಂದೇ ಮನೆಯದಾಗಿದ್ದಿತು.

ಪಶ್ಚಿಮ ದೇಶಗಳಲ್ಲಿ ‘ಕಿಟ್ ಕಾರು’ ಎಂದು ಕರೆಯುವ ವಾಹನವು ತತ್ತ್ವದಲ್ಲಿ ಇಂತಹುದೇ. ಚಾಸಿ, ಹೊರಮೈ, ಆಸನ ಮುಂತಾದವುಗಳ ಒಂದು ಕಂತೆಯನ್ನು ತಯಾರಕನಿಂದ ಕೊಂಡು, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳನ್ನು ಹೊಸದಾಗಿಯೋ ಹಳೆಯ ಕಾರೊಂದರಿಂದಲೋ ಪಡೆದು, ಕೊಂಡವನು ತನ್ನ ಮನೆಯಲ್ಲಿಯೇ ಜೋಡಿಸಿಕೊಳ್ಳುವ ಕಾರು ಅದು. ಯಂತ್ರಗಳಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗೆ ಇದಕ್ಕಿಂತ ರಮ್ಯವಾದ ಕನಸು ಮತ್ತೊಂದಿರಲಾರದು. ಆದರೆ ಈ ಕನಸಿಗೂ ಒಂದು ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ಗೆದ್ದವರೂ ಇದ್ದಾರೆ, ಸೋತವರೂ ಇದ್ದಾರೆ. ಅವರನ್ನು ಬಲ್ಲವನು ಮೊದಲ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮೊದಲೇ ಅರ್ಧ ಕೆಲಸವನ್ನು ಮುಗಿಸಿರುತ್ತಾನೆ.

ಈ ಚರಿತ್ರೆಯ ಆರಂಭವು ಒಂದು ಪತ್ರಿಕೆಯ ಪುಟಗಳಲ್ಲಿ ಆಯಿತೆಂಬುದು ನಮಗೆ ಸಂತೋಷದ ಸಂಗತಿ. 1896ರಲ್ಲಿ, ಮೋಟಾರು ವಾಹನವು ಇನ್ನೂ ಶೈಶವದಲ್ಲಿದ್ದಾಗ, ಥಾಮಸ್ ಹೈಲರ್ ವೈಟ್ ಎಂಬ ಆಂಗ್ಲನು ಮನೆಯಲ್ಲಿಯೇ ಕಟ್ಟಿಕೊಳ್ಳಬಹುದಾದ ಕಾರೊಂದರ ವಿನ್ಯಾಸವನ್ನು ಸಿದ್ಧಪಡಿಸಿದನು. ಅದರ ನಕ್ಷೆಗಳು ‘ಇಂಗ್ಲಿಷ್ ಮೆಕ್ಯಾನಿಕ್’ ಎಂಬ ಪತ್ರಿಕೆಯಲ್ಲಿ ಅಚ್ಚಾದುವು. ಇಲ್ಲಿ ಮೊದಲು ಬಂದುದು ಭಾಗಗಳ ಪೆಟ್ಟಿಗೆಯಲ್ಲ, ನಕ್ಷೆ. ಮೂರು ಕಡೆಯಿಂದ ಕಂಡಂತೆ ಬರೆದ ಚಿತ್ರವನ್ನು ನೋಡಿ ಒಂದು ವಸ್ತುವನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳಬಲ್ಲವನಿಗೆ ಮಾತ್ರ ಆ ಪುಟಗಳಿಂದ ಉಪಯೋಗವಿದ್ದಿತು. ಇಂದಿಗೂ ಈ ಮಾತು ಸುಳ್ಳಾಗಿಲ್ಲ.

ಕಿಟ್ ಕಾರಿಗೆ ದೊಡ್ಡ ಹೆಸರನ್ನು ತಂದುಕೊಟ್ಟವನು ಕಾಲಿನ್ ಚಾಪ್ಮನ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡಗಳ ಎಂಜಿನಿಯರಿಂಗನ್ನು ಅಭ್ಯಸಿಸಿದ ಈ ತರುಣನು 1948ರಲ್ಲಿ, ತನ್ನ ಭಾವಿ ಪತ್ನಿಯ ತಂದೆತಾಯಿಗಳ ಮನೆಯ ಹಿಂದಿದ್ದ ಒಂದು ಚಿಕ್ಕ ಗ್ಯಾರೇಜಿನಲ್ಲಿ ತನ್ನ ಮೊದಲ ಕಾರನ್ನು ಕಟ್ಟಿದನು. ಅದಕ್ಕೆ ಆಧಾರವಾದುದು ‘ಆಸ್ಟಿನ್ ಸೆವೆನ್’ ಎಂಬ ಹಳೆಯ ಕಾರು. 1922ರಿಂದ 1939ರವರೆಗೆ ತಯಾರಾದ ಆ ಪುಟ್ಟ ಕಾರು ಅಗ್ಗವಾಗಿ ಎಲ್ಲೆಡೆಯೂ ದೊರೆಯುತ್ತಿದ್ದಿತು. ಅದರ ಪ್ರತಿಯೊಂದು ಭಾಗವನ್ನೂ ಬಲ್ಲ ಮೆಕ್ಯಾನಿಕ್ಕುಗಳು ಊರೂರಿನಲ್ಲಿದ್ದರು. ತರುಣ ಚಾಪ್ಮನ್ನನು ಆರಿಸಿಕೊಂಡುದು ಅತಿ ವೇಗದ ಕಾರನ್ನಲ್ಲ, ಕೈಗೆಟುಕುವ ಕಾರನ್ನು. ಇದು ಮರೆಯಬಾರದ ಪಾಠ.

ಮುಂದೆ ಅವನು ಸ್ಥಾಪಿಸಿದ ಲೋಟಸ್ ಸಂಸ್ಥೆಯು 1957ರಲ್ಲಿ ‘ಲೋಟಸ್ ಸೆವೆನ್’ ಎಂಬ ಕಾರನ್ನು ಹೊರತಂದಿತು. ಸಣ್ಣ ಉಕ್ಕಿನ ಕೊಳವೆಗಳನ್ನು ತ್ರಿಕೋನಗಳಾಗಿ ಜೋಡಿಸಿ ಬೆಸೆದ ಹಗುರವಾದ ಚೌಕಟ್ಟು, ಅದರ ಮೇಲೆ ತೆಳುವಾದ ಅಲ್ಯುಮಿನಿಯಂ ತಗಡು; ಇಷ್ಟೇ ಅದರ ಶರೀರ. ಆಗ ಬ್ರಿಟನ್ನಿನಲ್ಲಿ ಹೊಸ ಕಾರುಗಳ ಮೇಲೆ ಭಾರಿ ಮಾರಾಟ ತೆರಿಗೆಯಿದ್ದಿತು. ಬಿಡಿಭಾಗಗಳಾಗಿ ಕೊಂಡರೆ ಆ ತೆರಿಗೆಯಿರಲಿಲ್ಲ. ಆದರೆ ಜೋಡಿಸುವ ಕ್ರಮವನ್ನು ಬರೆದು ಕೊಟ್ಟರೆ ಅದು ಪೂರ್ಣ ಕಾರೆಂದೇ ಗಣನೆಯಾಗುತ್ತಿದ್ದಿತಂತೆ. ಆದುದರಿಂದ ಚಾಪ್ಮನ್ನನು ಕಾರನ್ನು ಬಿಚ್ಚುವ ಕ್ರಮವನ್ನು ಅಚ್ಚು ಹಾಕಿಸಿ, ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳುವ ಕೆಲಸವನ್ನು ಗಿರಾಕಿಗೆ ಬಿಟ್ಟನೆಂಬ ಕಥೆಯೊಂದು ಪ್ರಚಾರದಲ್ಲಿದೆ. ಕಥೆ ವಿನೋದವಾದುದೇ, ಆದರೆ ಅದರಲ್ಲಿ ಒಂದು ತಥ್ಯವೂ ಅಡಗಿದೆ. ಒಂದು ಕಾರನ್ನು ಕ್ರಮವಾಗಿ ಬಿಚ್ಚಬಲ್ಲವನೇ ಇನ್ನೊಂದನ್ನು ಕ್ರಮವಾಗಿ ಕಟ್ಟಬಲ್ಲನು.

1973ರಲ್ಲಿ ಬ್ರಿಟನ್ನಿನ ತೆರಿಗೆಯ ಪದ್ಧತಿ ಬದಲಾಗಿ ಈ ಅನುಕೂಲವು ತಪ್ಪಿತು. ಅದೇ ವರ್ಷ ಲೋಟಸ್ ಸಂಸ್ಥೆಯು ಸೆವೆನ್ ಕಾರಿನ ಹಕ್ಕನ್ನು ಕೇಟರ್‌ಹ್ಯಾಮ್ ಎಂಬ ಸಂಸ್ಥೆಗೆ ಬಿಟ್ಟುಕೊಟ್ಟಿತು. ಆ ಸಂಸ್ಥೆಯು ಇಂದಿಗೂ ಆ ವಂಶದ ಕಾರನ್ನು ಬಿಡಿಭಾಗಗಳಾಗಿ ಮಾರುತ್ತಿದೆ. ಎಲ್ಲ ಭಾಗಗಳೂ ಅಳತೆಗೆ ಸರಿಯಾಗಿ ಬರುವ ಇಂತಹ ಕಂತೆಯನ್ನು ಜೋಡಿಸಲು ಸುಮಾರು ನೂರು ಗಂಟೆಗಳ ದುಡಿಮೆ ಸಾಕೆಂದು ಹೇಳುವುದುಂಟು. ಚೌಕಟ್ಟನ್ನೂ ತಾನೇ ಬೆಸೆಯಹೊರಟವನಿಗೆ ಅದು ವರ್ಷಗಳ ಕೆಲಸ.

ಹಾಗೆ ಚೌಕಟ್ಟನ್ನೂ ತಾವೇ ಮಾಡಿಕೊಳ್ಳುವವರಿಗೆ ದಾರಿ ತೋರಿದವನು ಒಬ್ಬ ಉಪಾಧ್ಯಾಯನೆಂಬುದನ್ನು ಇಲ್ಲಿ ಹೇಳಲೇಬೇಕು. ಇಂಗ್ಲೆಂಡಿನ ಔಂಡ್ಲ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ರಾನ್ ಚಾಂಪಿಯನ್ ಎಂಬಾತನು ಲೋಟಸ್ ಸೆವೆನ್ನನ್ನು ಹೋಲುವ ಸರಳವಾದ ಕಾರೊಂದನ್ನು ರೂಪಿಸಿ, ಅದನ್ನು ಕಟ್ಟುವ ವಿಧಾನವನ್ನು 1996ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಕೇವಲ 250 ಪೌಂಡುಗಳಲ್ಲಿಯೇ ಕಾರನ್ನು ಕಟ್ಟಬಹುದೆಂದು ಆ ಪುಸ್ತಕದ ಹೆಸರೇ ಸಾರುತ್ತಿದ್ದಿತು. ಹಳೆಯ ಫೋರ್ಡ್ ಎಸ್ಕಾರ್ಟ್ ಒಂದನ್ನು ಗುಜರಿಯ ಬೆಲೆಗೆ ಕೊಂಡು, ಅದರ ಎಂಜಿನನ್ನೂ ಆಕ್ಸಲನ್ನೂ ಉಪಯೋಗಿಸುವುದು ಅವನ ಮಾರ್ಗ. ಅಷ್ಟು ಕಡಮೆಯಲ್ಲಿ ಮುಗಿಸಿದವರು ಎಷ್ಟು ಮಂದಿಯೋ! ಆದರೆ ವೆಚ್ಚಕ್ಕೆ ಒಂದು ಮಿತಿಯನ್ನು ಹಾಕಿಕೊಂಡು ಆ ಮಿತಿಯೊಳಗೆ ವಿನ್ಯಾಸ ಮಾಡುವುದನ್ನು ಆ ಪುಸ್ತಕವು ಅನೇಕರಿಗೆ ಕಲಿಸಿತು.

ಇನ್ನು ಕನ್ನಡ ನಾಡಿನ ಕಡೆಗೆ ತಿರುಗೋಣ. ಬಿಡಿಭಾಗಗಳಿಂದ ಮೋಟಾರನ್ನು ಕಟ್ಟುವ ಕೆಲಸ ಭಾರತದಲ್ಲಿ ಹವ್ಯಾಸವಾಗಿ ಹುಟ್ಟಲಿಲ್ಲ, ವ್ಯಾಪಾರವಾಗಿ ಹುಟ್ಟಿತು. 1928ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ಹೊರದೇಶದಿಂದ ತರಿಸಿದ ಭಾಗಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಕೈ ನಮ್ಮವರದು, ವಿನ್ಯಾಸವೂ ಲಾಭವೂ ಅನ್ಯರವು. ಈ ಸ್ಥಿತಿಯನ್ನು ಕಂಡು ಮರುಗಿದವರಲ್ಲಿ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಒಬ್ಬರು. 1935ರಲ್ಲಿ, ಎಪ್ಪತ್ತು ವರ್ಷಗಳನ್ನು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳ ಪ್ರವಾಸವನ್ನು ಕೈಕೊಂಡು ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡರು. ಮರಳಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸುವ ಯೋಜನೆಯೊಂದನ್ನು ಸಿದ್ಧಪಡಿಸಿ 1936ರಲ್ಲಿ ಮುಂದಿಟ್ಟರು. ವ್ಯಾಪಾರೋದ್ಯಮಿ ವಾಲ್‌ಚಂದ್ ಹೀರಾಚಂದರು ಅದರಲ್ಲಿ ಕೈಗೂಡಿಸಿದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಬೆಂಬಲವಿತ್ತಿತು. ಆದರೆ 1939ರಲ್ಲಿ ಅದು ರಾಜೀನಾಮೆಯನ್ನು ಕೊಟ್ಟಿತು. ಅನಂತರ ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಸ್ಥಳ ಕೊಡಲು ಮುಂದಾಯಿತು. ಆದರೆ ಯುದ್ಧಕಾಲದ ಭಾರತ ಸರ್ಕಾರವು ಒಪ್ಪಿಗೆಯನ್ನು ನೀಡಲಿಲ್ಲ. ಅಳತೆ, ವೆಚ್ಚ, ಯಂತ್ರ, ಜನ ಎಲ್ಲವೂ ಕಾಗದದ ಮೇಲೆ ಸಿದ್ಧವಿದ್ದ ಕಾರ್ಖಾನೆಯು ಒಪ್ಪಿಗೆಯೊಂದಿಲ್ಲದೆ ನೆಲಕ್ಕಿಳಿಯದೆ ಹೋಯಿತು.

ಆ ಪ್ರಯತ್ನವು ಬರಿದಾಯಿತೆಂದು ಮಾತ್ರ ಹೇಳಲಾಗದು. ಅದೇ ವಾಲ್‌ಚಂದರು ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಮೋಟಾರು ಕಟ್ಟಬೇಕೆಂದಿದ್ದ ಊರಿನಲ್ಲಿ ವಿಮಾನಗಳು ಎದ್ದುವು! ಅಲ್ಲಿನ ಮೊದಲ ವಿಮಾನವಾದ ‘ಹಾರ್ಲೋ’ 1941ರಲ್ಲಿ ಹಾರಿದುದು ಅಮೆರಿಕದಿಂದ ಬಂದ ಭಾಗಗಳ ಜೋಡಣೆಯಿಂದ. ಹತ್ತು ವರ್ಷಗಳ ಬಳಿಕ, 1951ರಲ್ಲಿ, ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿಯೇ ರೂಪುಗೊಂಡ ‘ಎಚ್. ಟಿ. 2’ ಎಂಬ ತರಬೇತಿ ವಿಮಾನವು ಆಕಾಶಕ್ಕೇರಿತು. ಪರರ ಭಾಗಗಳನ್ನು ಜೋಡಿಸುತ್ತಲೇ ಕೈಯನ್ನು ಪಳಗಿಸಿಕೊಂಡು ತಮ್ಮ ವಿನ್ಯಾಸಕ್ಕೆ ಏರುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಾಗಿಲ್ಲ. ಜೋಡಣೆಯು ಶಿಷ್ಯವೃತ್ತಿ, ಅದರಲ್ಲಿ ನಾಚಿಕೆಯಿಲ್ಲ. ಅದರಲ್ಲಿಯೇ ನಿಂತುಬಿಡುವುದು ಮಾತ್ರ ಕೊರತೆ.

ಬೆಂಗಳೂರಿನ ಸಿಪಾನಿ ಸಂಸ್ಥೆಯ ಕಥೆ ಈ ಕೊರತೆಯ ಮಾತನ್ನು ಇನ್ನಷ್ಟು ವಿಶದಪಡಿಸುತ್ತದೆ. 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ಕಾರನ್ನು ತಯಾರಿಸಿದ ಈ ಸಂಸ್ಥೆಯು 1982ರಲ್ಲಿ ‘ಡಾಲ್ಫಿನ್’ ಎಂಬ ನಾಲ್ಕು ಗಾಲಿಯ ಕಾರನ್ನು ಹೊರತಂದಿತು. ಇದು ಬ್ರಿಟನ್ನಿನ ರಿಲಯಂಟ್ ಸಂಸ್ಥೆಯ ‘ಕಿಟನ್’ ಕಾರಿನ ಭಾರತೀಯ ರೂಪ. 848 ಘನ ಸೆಂಟಿಮೀಟರಿನ ಅಲ್ಯುಮಿನಿಯಂ ಎಂಜಿನ್, ತುಕ್ಕು ಹಿಡಿಯದ ಫೈಬರ್‌ಗ್ಲಾಸ್ ಮೈ. ಹಗುರವಾಗಿದ್ದುದರಿಂದ ಚೋಳವರಂ ಪಂದ್ಯಗಳಲ್ಲಿಯೂ ರ‍್ಯಾಲಿಗಳಲ್ಲಿಯೂ ಅದು ಹೆಸರು ಗಳಿಸಿತು. ಆದರೆ ಅದಕ್ಕೆ ಎರಡೇ ಬಾಗಿಲುಗಳು. 1983ರ ಡಿಸೆಂಬರಿನಲ್ಲಿ ನಾಲ್ಕು ಬಾಗಿಲುಗಳ ಮಾರುತಿ 800 ಬಂದಿತು. ಅಜ್ಜಿ, ತಾಯಿ, ಮಕ್ಕಳನ್ನು ಕೂರಿಸಿಕೊಂಡು ಮದುವೆಗೆ ಹೊರಡುವ ಭಾರತೀಯ ಕುಟುಂಬವು ಯಾವುದನ್ನು ಆರಿಸಿಕೊಂಡಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಿಪಾನಿಯವರು ಬಾಗಿಲುಗಳನ್ನು ಹೆಚ್ಚಿಸಿ ‘ಮೊಂಟಾನ’ ಎಂಬ ಕಾರನ್ನು ತರುವ ವೇಳೆಗೆ ಪೇಟೆಯು ಕೈಬಿಟ್ಟಿದ್ದಿತು. ಸಿದ್ಧವಾದ ವಿನ್ಯಾಸವನ್ನು ಎರವಲು ತಂದಾಗ ‘ಇದು ಯಾರಿಗಾಗಿ, ಯಾವ ಕೆಲಸಕ್ಕಾಗಿ’ ಎಂಬ ಪ್ರಶ್ನೆಯ ಉತ್ತರವನ್ನೂ ಎರವಲು ತರಲಾಗುವುದಿಲ್ಲ.

ಅದೇ ಊರಿನಲ್ಲಿ ಮುಂದಿನ ತಲೆಮಾರಿನವರು ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಂಡರು. ಬೆಂಗಳೂರಿನ ಚೇತನ್ ಮೈನಿಯವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ವಿದ್ಯಾರ್ಥಿಗಳು ‘ಸನ್‌ರನ್ನರ್’ ಎಂಬ ಸೂರ್ಯಶಕ್ತಿಯ ಕಾರನ್ನು ಕಟ್ಟಿದರು. ಆ ತಂಡದಲ್ಲಿ ಅವರೂ ಇದ್ದರು. 1990ರಲ್ಲಿ ಆ ಕಾರು ಅಮೆರಿಕದ ಪಂದ್ಯವನ್ನು ಗೆದ್ದು, ಆಸ್ಟ್ರೇಲಿಯದ ಸುಮಾರು 3000 ಕಿಲೋಮೀಟರುಗಳ ಪಂದ್ಯದಲ್ಲಿ ಮೂರನೆಯ ಸ್ಥಾನವನ್ನು ಪಡೆಯಿತು. ವಿದ್ಯಾರ್ಥಿದೆಸೆಯ ಈ ಅನುಭವದಿಂದ ಮುಂದೆ ‘ರೇವಾ’ ಎಂಬ ವಿದ್ಯುತ್ ಕಾರು ಮೂಡಿ, 2001ರಲ್ಲಿ ಬೆಂಗಳೂರಿನ ಬೀದಿಗಿಳಿಯಿತು. ಉಕ್ಕಿನ ಕೊಳವೆಗಳ ಚೌಕಟ್ಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಹಲಗೆಗಳು. ಚಾಪ್ಮನ್ನನ ಕಾರಿನ ನೆನಪನ್ನು ತರುವ ರಚನೆ. ಅದು ನಗರದೊಳಗಿನ ಸಣ್ಣ ಪಯಣಕ್ಕೆಂದೇ ಕಟ್ಟಿದ ಕಾರು. ಒಮ್ಮೆ ವಿದ್ಯುತ್ತನ್ನು ತುಂಬಿದರೆ ಸುಮಾರು 80 ಕಿಲೋಮೀಟರು ಸಾಗುವಂತಹುದು. ತನ್ನ ಮಿತಿಯನ್ನು ತಾನೇ ಬರೆದುಕೊಂಡು ಹೊರಟುದರಿಂದ ಅದು ಲಂಡನ್ನಿನ ಬೀದಿಗಳವರೆಗೂ ಹೋಯಿತು.

ಆದರೆ ಓದುಗರು ಕೇಳಬಹುದು: ‘ಇವೆಲ್ಲವೂ ಹಣವಂತರ, ಪಟ್ಟಣದವರ ಕಥೆಗಳಾದುವು. ಹಳ್ಳಿಯ ಬಡವನು ಕಾರನ್ನು ಕಟ್ಟಬಾರದೆ?’ ಕಟ್ಟಿದವರಿದ್ದಾರೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಮ್ಮಾರರೊಬ್ಬರು ಮಗನ ಆಸೆಯನ್ನು ನೆರವೇರಿಸಲೆಂದು ಗುಜರಿಯ ಭಾಗಗಳಿಂದ ಒಂದು ಪುಟ್ಟ ಜೀಪನ್ನು ಕಟ್ಟಿದರು. ಮೋಟಾರು ಸೈಕಲ್ಲಿನಂತೆ ಕಾಲಿನಿಂದ ಒದ್ದು ಅದನ್ನು ಚಾಲೂ ಮಾಡಬೇಕಿದ್ದಿತು. 2021ರ ಡಿಸೆಂಬರಿನಲ್ಲಿ ಈ ಸುದ್ದಿಯನ್ನು ಕಂಡ ಉದ್ಯಮಿ ಆನಂದ ಮಹೀಂದ್ರಾ ಅವರು ಆ ಕೌಶಲವನ್ನು ಕೊಂಡಾಡಿ, ಅದರೊಡನೆ ಇನ್ನೊಂದು ಮಾತನ್ನೂ ಹೇಳಿದರು: ನಿಯಮಗಳಿಗೆ ಹೊಂದದ ಈ ವಾಹನವನ್ನು ಅಧಿಕಾರಿಗಳು ಇಂದಲ್ಲ ನಾಳೆ ತಡೆಯುವರು. ಅದಕ್ಕೆ ಬದಲಾಗಿ ಅವರು ಆ ಕುಟುಂಬಕ್ಕೆ ಹೊಸ ಬೊಲೆರೊ ವಾಹನವೊಂದನ್ನು ಕೊಟ್ಟರು. ಎಲ್ಲ ತಂದೆಯರಿಗೂ ಇಂತಹ ಭಾಗ್ಯ ಒದಗುವುದಿಲ್ಲ. ವರ್ಷಗಟ್ಟಲೆ ದುಡಿದು, ಸಾಲ ಮಾಡಿ ಕಟ್ಟಿದ ವಾಹನವು ರಸ್ತೆಗಿಳಿಯದೆ ಕೊಟ್ಟಿಗೆಯಲ್ಲಿ ಉಳಿದರೆ, ಆ ದುಃಖವನ್ನು ಮನೆಯವರೇ ಉಣ್ಣಬೇಕು.

ಆದುದರಿಂದ ಕಾನೂನಿನ ಮಾತನ್ನು ಮೊದಲಲ್ಲಿಯೇ ತಿಳಿದುಕೊಳ್ಳಬೇಕು. 1988ರ ಮೋಟಾರು ವಾಹನಗಳ ಅಧಿನಿಯಮದ 39ನೆಯ ಪ್ರಕರಣದಂತೆ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸಕೂಡದು. 52ನೆಯ ಪ್ರಕರಣವು ತಯಾರಕನು ಕೊಟ್ಟ ರೂಪವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಹೊಸ ಮಾದರಿಯನ್ನು ತಯಾರಿಸುವವನು, 1989ರ ಕೇಂದ್ರ ನಿಯಮಾವಳಿಯ 126ನೆಯ ನಿಯಮದಂತೆ, ಪುಣೆಯ ಎ. ಆರ್. ಎ. ಐ.ಯಂತಹ ಸಂಸ್ಥೆಯಿಂದ ಅದನ್ನು ಪರೀಕ್ಷೆ ಮಾಡಿಸಿ ಪ್ರಮಾಣಪತ್ರವನ್ನು ಪಡೆಯಬೇಕು. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೇ ಒಂದು ಕಾರನ್ನೂ ಪರೀಕ್ಷಿಸಿ ಒಪ್ಪುವ ವ್ಯವಸ್ಥೆಯುಂಟು. ನಮ್ಮಲ್ಲಿ ಹವ್ಯಾಸಿಗೆ ಅಷ್ಟು ಸುಲಭವಾದ ದಾರಿಯಿಲ್ಲ. ಅಲ್ಲದೆ ಹದಿನೆಂಟು ತುಂಬದವರು ಕಾರನ್ನು ರಸ್ತೆಯಲ್ಲಿ ಓಡಿಸುವಂತಿಲ್ಲ. ಓಡಿಸಿ ಅಪರಾಧವೆಸಗಿದರೆ, 2019ರ ತಿದ್ದುಪಡಿಯಂತೆ, ಪೋಷಕರೂ ಹೊಣೆಗಾರರಾಗುತ್ತಾರೆ.

ಹಾಗಾದರೆ ಕನಸನ್ನು ಕೈಬಿಡಬೇಕೆ? ಬೇಕಾಗಿಲ್ಲ, ಅದಕ್ಕೆ ತಕ್ಕ ಅಂಗಳವನ್ನು ಆರಿಸಿಕೊಂಡರೆ ಸಾಕು. ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಕಟ್ಟಿದ ವಾಹನಗಳನ್ನು ಮುಚ್ಚಿದ ಅಂಗಳದಲ್ಲಿ ಓಡಿಸಿ ಸ್ಪರ್ಧಿಸುವ ‘ಬಾಹಾ’ ಎಂಬ ಪಂದ್ಯವು ನಮ್ಮ ದೇಶದಲ್ಲಿ 2007ರಿಂದಲೂ, ‘ಸುಪ್ರಾ’ ಎಂಬುದು 2011ರಿಂದಲೂ ನಡೆಯುತ್ತಿವೆ. ಅಲ್ಲಿ ವೇಗಕ್ಕೆ ಮಾತ್ರವಲ್ಲ, ವಿನ್ಯಾಸಕ್ಕೂ ವೆಚ್ಚದ ಲೆಕ್ಕಕ್ಕೂ ಅಂಕಗಳಿವೆ. ಬ್ರೇಕಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದ ವಾಹನಕ್ಕೆ ಓಟದಲ್ಲಿ ಪ್ರವೇಶವೇ ಇಲ್ಲ. ಕಾಲೇಜನ್ನು ಸೇರುವ ಮೊದಲು, ಶಾಲೆಯ ಮಟ್ಟದಲ್ಲಿ, ಹಳೆಯ ಎಂಜಿನೊಂದನ್ನು ಬಿಚ್ಚಿ ಮತ್ತೆ ಕೂಡಿಸುವುದೇ ದೊಡ್ಡ ಸಾಧನೆ.

ಎಂದಾದರೊಂದು ದಿನ ತನ್ನ ಮೊದಲ ಕಾರನ್ನು ಕಟ್ಟಬೇಕೆಂದಿರುವವನು ಈ ಚರಿತ್ರೆಯಿಂದ ಏನನ್ನು ಬರೆದಿಟ್ಟುಕೊಳ್ಳಬೇಕು? ಮೊದಲನೆಯದಾಗಿ ಉದ್ದೇಶ: ಓಟಕ್ಕೋ, ಹೊಲದ ಕೆಲಸಕ್ಕೋ, ಕಲಿಕೆಗೋ. ಎರಡನೆಯದಾಗಿ ಆಧಾರದ ಕಾರು: ಹತ್ತು ಕಾರುಗಳಿಂದ ಹತ್ತು ಭಾಗಗಳನ್ನು ಕೂಡಿಹಾಕುವುದಕ್ಕಿಂತ, ಓಡುತ್ತಿರುವ ಒಂದೇ ಹಳೆಯ ಕಾರನ್ನು ಪೂರ್ತಿಯಾಗಿ ಕೊಳ್ಳುವುದು ಲೇಸು, ಆಗ ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್, ವೈರಿಂಗ್ ಇವು ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಮೂರನೆಯದಾಗಿ ಸ್ಥಳ: ಕಾರಿನ ಸುತ್ತಲೂ ಒಬ್ಬನು ಕುಳಿತು ಕೆಲಸ ಮಾಡುವಷ್ಟು ಎಡೆ, ಮಳೆ ತಾಗದ ಸೂರು. ನಾಲ್ಕನೆಯದಾಗಿ ಹಣ: ದೊಡ್ಡ ಭಾಗಗಳ ಬೆಲೆ ಎಲ್ಲರಿಗೂ ತಿಳಿಯುತ್ತದೆ, ಬೋಲ್ಟು, ಕೊಳವೆ, ಬಣ್ಣ, ಸಾಗಣೆಯ ಕೂಲಿ ಇವೇ ಅರಿವಿಲ್ಲದೆ ಗಂಟನ್ನು ಕರಗಿಸುವುವು. ಆದುದರಿಂದ ಅಂದಾಜಿನ ಮೇಲೆ ಕಾಲು ಭಾಗವನ್ನಾದರೂ ಮೀಸಲಿಡಬೇಕು. ಐದನೆಯದಾಗಿ ಒಂದು ನೋಟುಪುಸ್ತಕ: ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಚೀಟಿಯನ್ನು ಕಟ್ಟಿ, ಎಲ್ಲಿಂದ ಬಂದಿತು, ಯಾವ ಕ್ರಮದಲ್ಲಿ ಬಂದಿತು ಎಂಬುದನ್ನು ಬರೆಯಬೇಕು. ಬಿಗಿಮಾಡಿದ ಪ್ರತಿ ಬೋಲ್ಟಿನ ಮೇಲೆ ಬಣ್ಣದ ಗೆರೆಯೊಂದನ್ನು ಎಳೆದರೆ, ಸಡಿಲವಾದಾಗ ಗೆರೆಯೇ ಮುರಿದು ತೋರಿಸುತ್ತದೆ. ಕೊನೆಯದಾಗಿ, ತಾನು ಮಾಡಬಾರದ ಕೆಲಸಗಳ ಪಟ್ಟಿ: ಚಾಸಿಯ ವೆಲ್ಡಿಂಗನ್ನೂ ಬ್ರೇಕನ್ನೂ ಅನುಭವಿಗಳ ಕೈಗೆ ಒಪ್ಪಿಸಬೇಕು.

ಬ್ರೇಕಿನ ಮಾತನ್ನು ನಮ್ಮ ಬೆಟ್ಟದ ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ. ತಾಳವಾಡಿಯ ಸೀಮೆಯಿಂದ ಸತ್ಯಮಂಗಲಕ್ಕೆ ಇಳಿಯುವಾಗ ದಿಂಬಂ ಘಾಟಿಯ ಇಪ್ಪತ್ತೇಳು ಕಡಿದಾದ ತಿರುವುಗಳನ್ನು ಎಣಿಸದವರು ಯಾರು? 600 ಕಿಲೋಗ್ರಾಂ ತೂಕದ ಪುಟ್ಟ ಕಾರೊಂದು 700 ಮೀಟರು ಕೆಳಗಿಳಿಯಿತೆಂದು ಇಟ್ಟುಕೊಳ್ಳೋಣ. ಭೌತವಿಜ್ಞಾನದ ಲೆಕ್ಕದಂತೆ ಅದು ಕಳೆದುಕೊಳ್ಳುವ ಶಕ್ತಿ ಸುಮಾರು 42 ಲಕ್ಷ ಜೂಲ್. ವೇಗವು ಹೆಚ್ಚದಂತೆ ಇಳಿಯಬೇಕಾದರೆ ಇದರ ಬಹುಭಾಗವು ಬ್ರೇಕಿನಲ್ಲಿಯೂ ಎಂಜಿನಿನಲ್ಲಿಯೂ ಶಾಖವಾಗಿ ಮಾರ್ಪಡಲೇಬೇಕು. ಅಷ್ಟು ಶಾಖದಿಂದ ಸುಮಾರು 13 ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ಒಂದು ಹಂಡೆಯ ಒಲೆಯನ್ನೇ ಗಾಲಿಗಳಲ್ಲಿ ಹೊತ್ತಿಸಿದಂತೆ. ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿ ನೋಡದವನು ಆ ಘಾಟಿಯಲ್ಲಿ ತನ್ನ ಕಾರನ್ನು ಇಳಿಸಬಾರದು.

ಉಪಾಧ್ಯಾಯರಲ್ಲಿ ಒಂದು ವಿಜ್ಞಾಪನೆ. ಮಕ್ಕಳು ಕಾರು ಕಟ್ಟುತ್ತೇವೆಂದಾಗ ನಕ್ಕುಬಿಡುವುದು ಬೇಡ. ಒಡನೆಯೇ ಹಣ ಕೊಟ್ಟು ಗುಜರಿಗೆ ಅಟ್ಟುವುದೂ ಬೇಡ. ಒಂದು ಹಾಳೆಯನ್ನೂ ಅಳತೆಗೋಲನ್ನೂ ಕೊಟ್ಟು, ‘ಮೊದಲು ಬರೆದು ತೋರಿಸು’ ಎನ್ನಿರಿ. ತ್ರಿಕೋನವೇಕೆ ಗಟ್ಟಿ, ಭಾರವೆಲ್ಲಿ ಕೂರಬೇಕು, ಒಂದು ರೂಪಾಯಿ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗಳಲ್ಲಿ ಗಣಿತವೂ ವಿಜ್ಞಾನವೂ ಲೋಕಜ್ಞಾನವೂ ಒಟ್ಟಿಗೆ ಬರುತ್ತವೆ. ಈ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಉತ್ತರಿಸಲು ಯಾವ ಅಡ್ಡಿಯೂ ಇಲ್ಲ.

ಆಸ್ಟಿನ್ನಿನ ಎಂಜಿನ್ ಚಾಪ್ಮನ್ನನದಾಗಿರಲಿಲ್ಲ. ಹಾರ್ಲೋ ವಿಮಾನದ ರೆಕ್ಕೆ ಬೆಂಗಳೂರಿನದಾಗಿರಲಿಲ್ಲ. ಭಾಗಗಳು ಪರರವಾದರೇನು? ಯೋಚನೆಯೊಂದು ತನ್ನದಾಗಿದ್ದರೆ, ಕಟ್ಟಿದ ಬಂಡಿಯು ತನ್ನದೇ. ನಮ್ಮ ಹಿರಿಯರ ಗಾಡಿಯು ಹೊಲಕ್ಕೆ ಹೋಗಿ ಕ್ಷೇಮವಾಗಿ ಮನೆಗೆ ಮರಳುತ್ತಿದ್ದುದೂ ಇದರಿಂದಲೇ.